ಲೇಸರ್ ಬೆಳಕಿಗೊಂದು ನಮಸ್ಕಾರ

ತೊಂಬತ್ತರ ದಶಕದಲ್ಲಿ ಮೈಸೂರಿನ ಕಣ್ಣಾಸ್ಪತ್ರೆಯೊಂದರಲ್ಲಿ, ಲೇಸರ್ ಹಾಕುವಾಗ ರೋಗಿಯ ತಲೆ ಅಲುಗದಂತೆ ಹಿಂದಿನಿಂದ ಹಿಡಿಯುವುದು ನನ್ನ ಕೆಲಸ. ಒಂದು ದಿನ ವಿದ್ಯಾರಣ್ಯಪುರಂನ ದಿನಸಿ ಅಂಗಡಿಯ ಶಿವಣ್ಣನವರು ಬಂದರು. ಅಕ್ಷಿಪಟಲದ ನಟ್ಟನಡುವೆ ತೂತು. ಹೆಂಡತಿಯ ಮುಖ ನೋಡಿದರೆ ಮೂಗೇ ಕಾಣುತ್ತಿರಲಿಲ್ಲವಂತೆ. ತೂತಿನ ಅಂಚಿಗೇ ಲೇಸರ್ ಬೀಳಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಉಳಿದ ದೃಷ್ಟಿಯೂ ಹೋದಂತೆ.

ಗುರಿ ನೋಡುವ ಕೆಂಪು ಬೆಳಕು ಕಂಡದ್ದೇ ತಡ, ಶಿವಣ್ಣನವರು ನನ್ನ ಹಿಡಿತ ಬಿಡಿಸಿಕೊಂಡು, ಕೈ ಮುಗಿದು ತಲೆ ಬಾಗಿಸಿದರು. ಡಾಕ್ಟರು ಲೇಸರ್ ಬಿಡುವ ಪೆಡಲಿನಿಂದ ಕಾಲು ಕಿತ್ತರು.

"ಏನ್ರೀ ಇದು, ಕಣ್ಣು ಹೋಗುತ್ತೆ!"

"ದೀಪ ಹತ್ತಿದಾಗ ಕೈ ಮುಗೀದೆ ಹೆಂಗಿರೋದು ಸ್ವಾಮಿ? ಮನೇಲಿ ಸಂಜೆ ಬಲ್ಬಿಗೂ ಮುಗೀತೀನಿ."

ಕೊನೆಗೆ ಅವರ ಹೆಂಡತಿಗೆ ಲೇಸರ್ ತಡೆಯುವ ಕನ್ನಡಕ ಹಾಕಿಸಿ ಪಕ್ಕದಲ್ಲಿ ನಿಲ್ಲಿಸಿದೆವು. ಯಂತ್ರ ಟಕ್ ಎಂದಾಗಲೆಲ್ಲ ಗಂಡನ ಪರವಾಗಿ ಆಕೆ ಕೈ ಮುಗಿದರು. ಶಿವಣ್ಣನವರು ಕಲ್ಲಿನಂತೆ ಕೂತರು.

ಎಲ್ಲ ಆದ ಮೇಲೆ ಅವರು ಹೆಂಡತಿಯನ್ನು ಕೇಳಿದರು, "ಎಲ್ಲದಕ್ಕೂ ಕೈ ಮುಗಿದ್ಯೇನೇ?"

"ಒಂದೆರಡು ತಪ್ಪಿರಬೋದು ಕಣ್ರೀ."

ಶಿವಣ್ಣನವರು ಮತ್ತೆ ಗದ್ದವನ್ನು ಯಂತ್ರದ ಮೇಲಿಟ್ಟರು. "ಹಂಗಾದ್ರೆ ಇನ್ನೊಂದೆರಡು ಹಾಕ್ಬುಡಿ ಡಾಕ್ಟ್ರೇ."

ಯಂತ್ರದ ಸ್ವಿಚ್ ಆರಿಸಲು ನಾನು ಓಡಿದ್ದು ಅದೊಂದೇ ಸಲ.