ಲಕ್ಕಿ ಎಂಬ ಹೆಸರಿನ ಅರ್ಥ

ಇಂಗ್ಲಿಷ್ ಎಂಬುದು ಐದನೇ ಇಯತ್ತೆಗೆ ಕಾಲಿಟ್ಟ ಮೇಲಷ್ಟೇ ನಮ್ಮ ಕಿವಿಗೆ ಬೀಳುತ್ತಿದ್ದ ದಿನಗಳವು. ಕಾಗಾಲದ ನಮ್ಮ ಶಾಲೆಗೆ ಆ ವರ್ಷ ಹೊನ್ನಾವರದ ಕಡೆಯಿಂದ ಹೊಸ ಅಕ್ಕೋರು ಬಂದಿದ್ದರು. ಅವರು "ಹರಿ ಅಪ್, ಹರಿ ಅಪ್" ಎಂದು ಅವಸರ ಮಾಡಿದಾಗಲೆಲ್ಲ ಹಿಂದಿನ ಬೆಂಚಿನ ಹರಿ ಗಾಬರಿಯಿಂದ ಎದ್ದು ನಿಲ್ಲುತ್ತಿದ್ದ. ನಮಗೆ ಬಿಸಿಯೂಟ ಬಡಿಸುತ್ತಿದ್ದ ಬೇಬಿಯಕ್ಕ ನಾಲ್ಕು ಮಕ್ಕಳ ತಾಯಿ. ಬೇಬಿ ಎಂದರೆ ಕೂಸು ಎಂದು ತಿಳಿದ ದಿನ ತಟ್ಟೆ ಹಿಡಿದುಕೊಂಡೇ ನಕ್ಕು, ಅವಳಿಂದ ಬೈಸಿಕೊಂಡೆವು.

ನನ್ನ ಹೆಸರು ಲಕ್ಕಿ. ಒಂದು ದಿನ ಹಾಜರಿ ಕರೆಯುತ್ತ ಅಕ್ಕೋರು ಆ ಹೆಸರಿನ ಹತ್ತಿರ ನಿಂತರು. ಲಕ್ಕಿ ಎಂದರೆ ಇಂಗ್ಲಿಷಿನಲ್ಲಿ ಅದೃಷ್ಟವಂತೆ, ಇವಳು ಹೋದಲ್ಲೆಲ್ಲ ಒಳ್ಳೆಯದೇ ಆಗಬೇಕು ನೋಡಿ ಎಂದು ನಗುತ್ತ ಹೇಳಿ ಮುಂದಿನ ಹೆಸರಿಗೆ ಹೋದರು. ಅವರಿಗೆ ಅದು ಅಲ್ಲಿಗೆ ಮುಗಿಯಿತು, ನಮಗೆ ಮುಗಿಯಲಿಲ್ಲ.

ಅಂದೇ ಸಂಜೆ ಗೇರುಬೀಜದ ಆಟದಲ್ಲಿ ಕಲ್ಲು ಎಸೆಯುವ ಮೊದಲು ಹರಿ ನನ್ನ ಕೈ ಮುಟ್ಟಿದ. ಸಾಲಿನಲ್ಲಿಟ್ಟ ಬೀಜಗಳೆಲ್ಲ ಒಂದೇ ಏಟಿಗೆ ಚೆದುರಿದವು. ಮರುದಿನದಿಂದ ಎಲ್ಲರಿಗೂ ನನ್ನ ಕೈ ಬೇಕಾಯಿತು. ಖೋಖೋ ಆಟಕ್ಕೆ ಮೊದಲು, ಕಾಪಿ ತಿದ್ದಿಸುವ ಮೊದಲು, ಮಗ್ಗಿ ಒಪ್ಪಿಸುವ ಮೊದಲು. ಮುಟ್ಟಿದವರು ಉಪ್ಪು ಖಾರ ಸವರಿದ ಹುಳಿ ಬಿಂಬಲಕಾಯಿ ಕೊಡುತ್ತಿದ್ದರು. ಹಲ್ಲು ಜುಮ್ಮೆನ್ನುವಷ್ಟು ತಿಂದೆ. ಮುಟ್ಟಿಯೂ ಸೋತವರಿದ್ದರು, ಆದರೆ ಅವರು ಸರಿಯಾಗಿ ಮುಟ್ಟಿಲ್ಲವೆಂದು ಉಳಿದವರೇ ತೀರ್ಮಾನ ಮಾಡುತ್ತಿದ್ದರು. ನನಗೂ ಹಾಗೇ ಅನ್ನಿಸತೊಡಗಿತು. ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಬಳಚು ಎಂಬ ಚಿಪ್ಪುಮೀನು ಆಯಲು ಹೊಳೆಗೆ ಹೊರಟಾಗ ಗುಟ್ಟಾಗಿ ಅವಳ ಬುಟ್ಟಿ ಮುಟ್ಟುತ್ತಿದ್ದೆ. ಒಂದು ದಿನ ಬುಟ್ಟಿ ತುಂಬಿ ಬರುತ್ತಿತ್ತು, ಇನ್ನೊಂದು ದಿನ ತಳದಲ್ಲಿ ನಾಲ್ಕು ಚಿಪ್ಪು. ನಾನು ಯಾವ ಕೈಯಿಂದ ಮುಟ್ಟಿದ್ದೆನೆಂದು ಕೂತು ನೆನಪು ಮಾಡಿಕೊಳ್ಳುತ್ತಿದ್ದೆ.

ನನ್ನ ಪಕ್ಕ ಕೂರುತ್ತಿದ್ದವಳು ಸರೋಜ. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿರಲಿಲ್ಲ. ಆ ಚಳಿಗಾಲ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅಕ್ಕೋರು ನಮ್ಮಿಬ್ಬರ ಹೆಸರು ಕಳಿಸಿದರು. ನನಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಸಂಜೆ ಸರೋಜ ನಮ್ಮ ಮನೆಗೆ ಬಂದು, ಅಂಗಳದ ಬಳಚಿನ ಚಿಪ್ಪುಗಳಲ್ಲಿ ಹನ್ನೆರಡನ್ನು ಜಗಲಿಯ ಮೇಲೆ ಹರಡಿ, ಮೂರು ಮೂರರ ಗುಂಪು ಮಾಡಿ, "ಇದು ಕಾಲು. ಈಗ ಮುಕ್ಕಾಲು ತೆಗಿ" ಎನ್ನುತ್ತಿದ್ದಳು. ನಾನು ತಪ್ಪಿದರೆ ಸಿಟ್ಟಾಗದೆ ಚಿಪ್ಪುಗಳನ್ನು ಕೂಡಿಸಿ ಮತ್ತೆ ಹರಡುತ್ತಿದ್ದಳು.

ಪರೀಕ್ಷೆಗೆ ಅವಳ ಅಪ್ಪ ನಮ್ಮಿಬ್ಬರನ್ನೂ ಟೆಂಪೋ ಹತ್ತಿಸಿ ಕುಮಟೆಗೆ ಕರೆದೊಯ್ದರು. ಊರೂರ ಮಕ್ಕಳು ಎಣ್ಣೆ ಹಾಕಿ ತಲೆ ಬಾಚಿಕೊಂಡು ಬಂದಿದ್ದರು. ಗೇಟಿನ ಹೊರಗೆ ಸರೋಜ ನನ್ನ ಬಲಗೈ ಹಿಡಿದಳು. ಅವಳ ಅಂಗೈ ಬೆವರಿತ್ತು. ಗಂಟೆ ಬಾರಿಸುವವರೆಗೂ ಬಿಡಲಿಲ್ಲ. ಒಳಗೆ ಹೋಗುವಾಗ ನನ್ನ ಬೆರಳುಗಳು ಜೋಮು ಹಿಡಿದಿದ್ದವು.

ಬೇಸಿಗೆ ರಜೆಯಲ್ಲಿ ಅಕ್ಕೋರೇ ಮನೆಗೆ ಬಂದು ಫಲಿತಾಂಶ ತಿಳಿಸಿದರು. ಆಯ್ಕೆಯಾದವಳು ನಾನೊಬ್ಬಳೇ.

ಸಂಜೆ ಸರೋಜ ಬಂದಳು. ಜಗಲಿ ಹತ್ತಲಿಲ್ಲ.

"ಕೈ ಹಿಡ್ಕಂಡಿದ್ದೆ ಅಲ್ದನೇ? ಮತ್ತೆ ನಂಗೆ ಯಾಕೆ ಬರ್ಲಿಲ್ಲ?"

ನಾನು ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

"ಎಲ್ಲಾ ನೀನೇ ಇಟ್ಕಂಡೆ," ಎಂದು ಹೇಳಿ ಹೋದಳು.

ಅವಳು ಹೇಳಿದ್ದು ನಿಜವಿರಬಹುದೆಂದು ನನಗೂ ಅನ್ನಿಸಿತು. ಅಜ್ಜಿ ಅಡುಗೆಮನೆಯಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಬಿಡಿಸುತ್ತ ಕೂತಿದ್ದಳು. ನನಗೆ ಈ ಹೆಸರು ಯಾಕಿಟ್ಟೆ ಎಂದು ಕೇಳಿದೆ. ಅಕ್ಕೋರು ಹೇಳಿದ ಅರ್ಥವನ್ನೂ ಹೇಳಿದೆ. ಅಜ್ಜಿ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟಳು.

"ನನ್ನ ಆಯಿ ಹೆಸರು ಅದು. ಐದು ಹೆತ್ತಿದ್ಳು, ಉಳಿದವಳು ನಾನೊಬ್ಬಳೇ. ಗಂಡ ಹೊಳೆಗೆ ಹೋದವ ತಿರುಗಿ ಬರ್ಲಿಲ್ಲ. ಇಂಗ್ಲಿಷಿನಲ್ಲಿ ಹಾಗೆ ಅಂತ ಅವಳಿಗೆ ಯಾರೂ ಹೇಳಿರ್ಲಿಲ್ಲ ಮಗಾ."

ನನ್ನ ಗೊಂದಲ ಇನ್ನಷ್ಟು ಹೆಚ್ಚಿತು. ಒಂದೇ ಹೆಸರು ಅಜ್ಜಿಯ ಆಯಿಗೆ ಏನೂ ಮಾಡದೆ ನನಗೆ ಮಾತ್ರ ಹೇಗೆ ಮಾಡಿತು? ಮರುದಿನ ಬೆಳಿಗ್ಗೆ ಸರೋಜಳ ಮನೆಗೆ ಹೋದೆ. ಅವಳು ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಬಲಗೈ ಚಾಚಿ ನಿಂತೆ. ಬೇಕಾದಷ್ಟು ತೆಗೆದುಕೊಳ್ಳಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದುದು. ಅವಳು ಬೂದಿ ಮೆತ್ತಿದ ಕೈಯಿಂದ ಒಮ್ಮೆ ಮುಟ್ಟಿ ಬಿಟ್ಟಳು.

"ಈಗ ಎಂತಕ್ಕೆ?"

ಮಳೆ ಹಿಡಿಯುವ ಮೊದಲು ನಾನು ವಸತಿ ಶಾಲೆ ಸೇರಿದೆ. ಅಲ್ಲಿ ಭಟ್ಕಳದ ಹುಡುಗಿಯೊಬ್ಬಳು ತನ್ನ ಚಿಕ್ಕಪ್ಪನ ಮನೆ ನಾಯಿಯ ಹೆಸರೂ ಲಕ್ಕಿ ಎಂದಳು. ಒಂದು ವರ್ಷ ನನ್ನನ್ನು ಶಿಳ್ಳೆ ಹಾಕಿ ಕರೆದರು. ಹತ್ತನೇ ಇಯತ್ತೆಯ ಅರ್ಜಿ ತುಂಬುವ ಹೊತ್ತಿಗೆ ಅಪ್ಪನನ್ನು ಕಾಡಿ ಬೇಡಿ ಲಕ್ಷ್ಮಿ ಎಂದು ಬರೆಸಿಕೊಂಡೆ. ಈಗ ಹೊನ್ನಾವರದ ಬ್ಯಾಂಕಿನಲ್ಲಿ, ನನ್ನ ಮನೆಯಲ್ಲಿ, ಎಲ್ಲರಿಗೂ ನಾನು ಲಕ್ಷ್ಮಿ. ಲಕ್ಕಿ ಎಂದು ಕರೆಯುತ್ತಿದ್ದ ಅಜ್ಜಿ ಇಲ್ಲ.

ಪರೀಕ್ಷೆಯಲ್ಲಿ ಬಂದ ಭಿನ್ನರಾಶಿಗಳನ್ನೆಲ್ಲ ನಾನು ಚಿಪ್ಪುಗಳನ್ನು ನೆನೆದೇ ಬಿಡಿಸಿದ್ದೆ. ಅದು ಕೈಯ ಗುಣವಲ್ಲ, ಸರೋಜ ಕಲಿಸಿದ್ದು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ. ಅವಳಿಗೆ ಹಾಗಾದರೆ ಸೀಟು ಏಕೆ ಸಿಗಲಿಲ್ಲ ಎಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ.

ಹೋದ ವರ್ಷ ಅವಳು ಬ್ಯಾಂಕಿಗೆ ಬಂದಿದ್ದಳು. ಮಾವಳ್ಳಿಗೆ ಮದುವೆಯಾಗಿ ಹೋದವಳು, ಮಗಳ ಹೆಸರಲ್ಲಿ ಖಾತೆ ತೆರೆಯಬೇಕಿತ್ತು. "ನೀವು ಕಾಗಾಲದವರಲ್ದ್ರಾ?" ಎಂದಳು. ಅರ್ಜಿಯನ್ನು ನನ್ನ ಕಡೆ ತಳ್ಳಿ, ತನಗೆ ಇದೆಲ್ಲ ಅರ್ಥವಾಗುವುದಿಲ್ಲ, ನೀವೇ ತುಂಬಿ ಎಂದಳು. ನನಗೆ ತಡೆಯಲಾಗಲಿಲ್ಲ. ಆ ಪರೀಕ್ಷೆ ನಾನು ಪಾಸಾಗಿದ್ದು ನೀನು ಕಲಿಸಿದ ಲೆಕ್ಕದಿಂದ, ಅದನ್ನು ನಿನಗೆ ಅಂದೇ ಹೇಳಬೇಕಿತ್ತು ಎಂದೆ.

ಸರೋಜ ನನ್ನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದೇನೆಯೇ ಎಂದು ಅನುಮಾನಿಸಿದಂತಿತ್ತು.

"ನಾನಾ?" ಎಂದಳು. "ನಂಗೆ ಲೆಕ್ಕ ಬತ್ತಿತ್ತಾ?"