‘ಕೇಳು’ ಎಂಬ ಫಂಕ್ಷನ್ನು

ನನ್ನ ಸಿಟ್ಟಿಗೆ ಒಬ್ಬ ಮನುಷ್ಯನ ಬಲಗೈ ಹೋಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು.

ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಅರಿಸಿನದ ಕಾರ್ಖಾನೆ. ಅಲ್ಲಿಯ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ದಿನಾ ಗುಂಡ್ಲುಪೇಟೆಯಿಂದ ಬಸ್ಸು, ಚಾಮರಾಜನಗರದಲ್ಲಿ ಇಳಿದು ಇನ್ನೊಂದು ಬಸ್ಸು. ಅಂಗಳದಲ್ಲಿ ಒಣ ಅರಿಸಿನದ ಕೊಂಬುಗಳನ್ನು ಹಾಕಿ ತಿರುಗಿಸಿ ಸಿಪ್ಪೆ ಉಜ್ಜುವ ದೊಡ್ಡ ಡ್ರಮ್ಮುಗಳಿವೆ. ಅವುಗಳ ಮೋಟರನ್ನು ನಡೆಸುವುದು ನನ್ನ ಕೋಣೆಯ ಒಂದು ಕಂಪ್ಯೂಟರ್. ಅದು ಮಂಕು ಹಿಡಿದು ಕೂತರೆ ಎಲ್ಲ ಡ್ರಮ್ಮೂ ಒಟ್ಟಿಗೆ ನಿಲ್ಲುತ್ತವೆ. ನಾನು ಎಬ್ಬಿಸಿದರೆ, ನಿಂತಲ್ಲಿಂದಲೇ ತಿರುಗತೊಡಗುತ್ತವೆ.

ನಮ್ಮ ಕಸುಬಿನವರು ಅದೇ ಹತ್ತು ಸಾಲಿನ ಆಜ್ಞೆಯನ್ನು ದಿನಾ ಟೈಪ್ ಮಾಡುವುದಿಲ್ಲ. ಒಂದು ಸಲ ಬರೆದು, ಕಟ್ಟು ಕಟ್ಟಿ, ಹೆಸರಿಟ್ಟು ಇಟ್ಟುಕೊಳ್ಳುತ್ತೇವೆ. ಆಮೇಲೆ ಹೆಸರು ಹೇಳಿದರೆ ಸಾಕು. ಅದೇ ಫಂಕ್ಷನ್ನು. ನನ್ನವೆಲ್ಲ ಒಂದೇ ಫೈಲಿನಲ್ಲಿದ್ದವು, ಸಾಂಬಾರ ಡಬ್ಬಿಯಲ್ಲಿ ಸಾಸಿವೆ ಜೀರಿಗೆ ಇದ್ದ ಹಾಗೆ. ‘ಏಳಿಸು’ ಅಂದರೆ ಡ್ರಮ್ಮುಗಳು ಏಳುತ್ತಿದ್ದವು. ‘ಗುಡಿಸು’ ಅಂದರೆ ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆಗಳೆಲ್ಲ ಅಳಿಸಿಹೋಗುತ್ತಿದ್ದವು. ಇಂಥ ಅಪಾಯದ ಫಂಕ್ಷನ್ನುಗಳೆಲ್ಲ ಕೆಲಸಕ್ಕೆ ಇಳಿಯುವ ಮೊದಲು ‘ಕೇಳು’ ಎಂಬ ಇನ್ನೊಂದನ್ನು ಕರೆಯುತ್ತಿದ್ದವು. ಅದು ಪರದೆಯ ಮೇಲೆ ಒಂದು ಪ್ರಶ್ನೆ ಕೇಳುತ್ತಿತ್ತು. ‘ಏಳಿಸು’ ಅಂದಾಗ, ಅಂಗಳಕ್ಕೆ ಫೋನ್ ಮಾಡಿ ವಿಚಾರಿಸಿದೆಯಾ ಎಂದು ಕೇಳುತ್ತಿತ್ತು. ನಾನು ವಿಚಾರಿಸಿ ಹೌದು ಅಂದ ಮೇಲೇ ಮುಂದಿನ ಕೆಲಸ.

ಒಂದು ಬೆಳಿಗ್ಗೆ ಬಂದು ನೋಡಿದರೆ ರಾತ್ರಿ ತಾನಾಗಿಯೇ ಓಡಿ ದಾಖಲೆಗಳ ನಕಲು ತೆಗೆಯುವ ಸ್ಕ್ರಿಪ್ಟು ಅರ್ಧಕ್ಕೇ ನಿಂತಿತ್ತು. ಹಳೆಯ ನಕಲನ್ನು ಅಳಿಸಲೇ ಎಂದು ‘ಕೇಳು’ ಪ್ರಶ್ನೆ ಕೇಳಿ, ಉತ್ತರ ಕೊಡುವವರಿಲ್ಲದೆ ಕಾಯುತ್ತ ಕೂತಿತ್ತು. ಸತತ ಮೂರನೆಯ ದಿನ ಹೀಗಾಗಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ. ಕೀಲಿಮಣೆಯನ್ನು ಎತ್ತಿ ಮೇಜಿಗೆ ಬಡಿದೆ, ಎರಡು ಕೀಲಿ ಹಾರಿ ಬಿದ್ದವು. ಅದೇ ಕೋಪದಲ್ಲಿ ‘ಕೇಳು’ವಿನ ಒಳಗಿದ್ದುದನ್ನೆಲ್ಲ ಅಳಿಸಿ ಒಂದೇ ಸಾಲು ಬರೆದೆ: ಯಾರು ಕರೆದರೂ ಹೌದು ಅನ್ನು. ನಕಲು ತೆಗೆಯುವ ಕೆಲಸ ಸಲೀಸಾಯಿತು. ‘ಏಳಿಸು’ ಕೂಡ ಅದನ್ನೇ ನಂಬಿಕೊಂಡಿದೆ ಎಂಬುದು ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ.

ಐದಾರು ದಿನದ ಮೇಲೆ, ಮಧ್ಯಾಹ್ನ ಊಟದ ಹೊತ್ತಿಗೆ, ಡ್ರಮ್ಮುಗಳೆಲ್ಲ ನಿಂತವು. ಕಾರ್ಖಾನೆಯ ಯಜಮಾನರು ಫೋನಿನಲ್ಲಿ ಕೂಗಾಡಿದರು. ಬಾಯಲ್ಲಿ ತುತ್ತು ಇಟ್ಟುಕೊಂಡೇ ‘ಏಳಿಸು’ ಎಂದು ಹೊಡೆದೆ. ಪ್ರಶ್ನೆ ಬರಲಿಲ್ಲ. ಬಂದಿದ್ದರೆ ಫೋನ್ ಮಾಡುತ್ತಿದ್ದೆ. ಡ್ರಮ್ಮುಗಳ ಗಡಗಡ ಕೇಳಿತು, ಅದರ ಮೇಲೆ ಒಂದು ಕಿರುಚಾಟ.

ಉಮ್ಮತ್ತೂರಿನಿಂದ ಬರುತ್ತಿದ್ದ ಒಬ್ಬ ಆಳು ನಿಂತ ಡ್ರಮ್ಮಿನ ಬಾಯಿಗೆ ಕೈ ಹಾಕಿ, ಸಿಕ್ಕಿಕೊಂಡ ಗೋಣಿಯ ಚೂರನ್ನು ಎಳೆಯುತ್ತಿದ್ದ. ಬಾಗಿಲು ತೆರೆದಿದ್ದರೆ ಡ್ರಮ್ಮು ತಿರುಗದಂತೆ ತಡೆಯುವ ಸ್ವಿಚ್ಚು ಕೆಟ್ಟು ತಿಂಗಳಾಗಿತ್ತು. ಡ್ರಮ್ಮಿನ ಅಂಚಿಗೂ ಕಬ್ಬಿಣದ ಚೌಕಟ್ಟಿಗೂ ನಡುವೆ ಅವನ ಮುಂಗೈ ಸಿಕ್ಕಿ ನುಜ್ಜಾಯಿತು. ಮೂಳೆ ಮುರಿದ ಸದ್ದು ಗೋಡೆಯಾಚೆ ನಿಂತವರಿಗೂ ಕೇಳಿತಂತೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಯಾರೋ ತಂತಿ ಕಿತ್ತು ಡ್ರಮ್ಮು ನಿಲ್ಲಿಸಿ, ಅವನನ್ನು ಟೆಂಪೋಗೆ ಹಾಕುತ್ತಿದ್ದರು. ಚೆಲ್ಲಿದ ಅರಿಸಿನದ ಮೇಲೆ ರಕ್ತ ಬಿದ್ದು ಅಲ್ಲೆಲ್ಲ ಕೆಂಪು ಕೆಸರಾಗಿತ್ತು.

ಟೆಂಪೋ ಹೋದ ಮೇಲೆ ಉಳಿದವರು ಅಂಗಳದ ಸ್ವಿಚ್ ಬೋರ್ಡ್ ನೋಡಿಕೊಳ್ಳುವವನ ಮೇಲೆ ಬಿದ್ದರು. ಪುಣಜನೂರಿನ ಆ ಮನುಷ್ಯನೇ ಗುಂಡಿ ಒತ್ತಿದ್ದಾನೆ ಎಂದುಕೊಂಡಿದ್ದರು. ಒಬ್ಬ ಕೊರಳಪಟ್ಟಿ ಹಿಡಿದ, ಇನ್ನೊಬ್ಬ ಹೊಟ್ಟೆಗೆ ಒದ್ದ. ಕೆಳಗೆ ಬಿದ್ದವನ ಬೆನ್ನಿಗೆ ಅರಿಸಿನ ಕೆದಕುವ ಮರದ ಗೋರೆಯಿಂದ ಬಾರಿಸಿದರು. ಗೋರೆಯ ಹಿಡಿ ಮುರಿಯಿತು, ಮುರಿದ ಹಿಡಿಯಲ್ಲೇ ಮತ್ತೆ ಬಾರಿಸಿದರು. ಅವನು ಕೈಯಿಂದ ತಲೆ ಮುಚ್ಚಿಕೊಂಡು, “ಸತ್ಯಮಾ ನಾ ಮುಟ್ನೇ ಇಲ್ಲ ಕಣ್ರಲಾ” ಎಂದು ಅದನ್ನೇ ಹೇಳುತ್ತಿದ್ದ.

ನನಗೆ ಗೊತ್ತಿತ್ತು. ಆದರೂ ನಾನು ಅವನ ಕಡೆ ಹೋಗಲಿಲ್ಲ, ನನ್ನ ಕೋಣೆಗೆ ಹೋದೆ. ಯಾರು ಎಷ್ಟು ಹೊತ್ತಿಗೆ ‘ಏಳಿಸು’ ಅಂದರು ಎಂಬುದು ದಾಖಲೆಯಲ್ಲಿತ್ತು, ಜೊತೆಗೆ ನನ್ನ ಹೆಸರೂ. ‘ಗುಡಿಸು’ ಎಂದು ಟೈಪ್ ಮಾಡಿದೆ. ಎಂಟರ್ ಕೀಲಿಯ ಮೇಲೆ ಬೆರಳಿಟ್ಟೆ. ಒತ್ತಿದ್ದರೆ ಅದೂ ಏನನ್ನೂ ಕೇಳುತ್ತಿರಲಿಲ್ಲ.

ಆಗ ನೆನಪಿಗೆ ಬಂದದ್ದು ನನ್ನ ಅವ್ವನ ಏಟು. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಅರಿಸಿನದ ಡ್ರಮ್ಮನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಅವ್ವ ಆ ಕೂಲಿಗೆ ಹೋಗುತ್ತಿದ್ದಳು. ಹಿಡಿಕೆ ಹಿಡಿದವರು ತಿರುಗಿಸುವ ಮೊದಲು “ಕೈಯಾ?” ಎಂದು ಕೂಗಬೇಕು. ಡ್ರಮ್ಮಿನ ಬಾಯಲ್ಲಿದ್ದವರು “ಆಚೆ” ಅನ್ನಬೇಕು. ಆ ಮಾತು ಬರದೆ ಯಾರೂ ಹಿಡಿಕೆ ಜಗ್ಗುತ್ತಿರಲಿಲ್ಲ, ಮೇಸ್ತ್ರಿ ಬಾಯಿಗೆ ಬಂದ ಹಾಗೆ ಬೈದರೂ ಜಗ್ಗುತ್ತಿರಲಿಲ್ಲ. ಒಂದು ದಿನ ನಾನು ಕೇಳದೆ ಜಗ್ಗಿದೆ. ಒಳಗೆ ಯಾರ ಕೈಯೂ ಇರಲಿಲ್ಲ. ಆದರೂ ಅವ್ವ ಕೆನ್ನೆಗೆ ಬಾರಿಸಿದ ರಭಸಕ್ಕೆ ಓಲೆ ಕಿತ್ತು ಬಂದು ಕಿವಿ ಹರಿಯಿತು. ಆ ಹರಿದ ಕಿವಿ ಈಗಲೂ ಹಾಗೇ ಇದೆ.

ಟೈಪ್ ಮಾಡಿದ್ದನ್ನು ಅಳಿಸಿ ಹೊರಗೆ ಬಂದೆ. “ಅವನನ್ನ ಬುಡ್ರಪ್ಪ, ಡ್ರಮ್ ತಿರುಗ್ಸಿದೋಳು ನಾನು” ಎಂದೆ. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ, ಇನ್ನೊಮ್ಮೆ ಕೂಗಿದೆ. ಹೊಡೆಯುತ್ತಿದ್ದವರು ಕೈ ಇಳಿಸಿದರು. ಹೆಂಗಸು ಎಂದು ನನ್ನನ್ನು ಯಾರೂ ಮುಟ್ಟಲಿಲ್ಲ, ಮುಟ್ಟಿದ್ದರೆ ವಾಸಿಯಿತ್ತು. ಸ್ವಿಚ್ ಬೋರ್ಡಿನವನು ಗೋಡೆ ಹಿಡಿದು ಎದ್ದು, ನನ್ನ ಹತ್ತಿರ ಬಂದು, ಮುಖಕ್ಕೆ ಉಗಿದ. ಉಗುಳಿನಲ್ಲಿ ರಕ್ತವಿತ್ತು, ಮುರಿದ ಹಲ್ಲಿನ ಚೂರಿತ್ತು. ನಾನು ಕೋಣೆಗೆ ಹೋಗದೆ ನೇರ ಬಂದಿದ್ದರೆ ಆ ಹಲ್ಲು ಉಳಿಯುತ್ತಿತ್ತು. ಅವನು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ.

ಸಂಜೆ ಉಮ್ಮತ್ತೂರಿನ ಆಳನ್ನು ನೋಡಲು ಚಾಮರಾಜನಗರದ ಆಸ್ಪತ್ರೆಗೆ ಹೋದೆ. ಮುಂಗೈ ಉಳಿಯುವುದಿಲ್ಲ ಎಂದು ಹೇಳಿಯಾಗಿತ್ತು. ನಾನೇ ಎಂದು ಗೊತ್ತಾದ ಕೂಡಲೇ ಅವನ ಹೆಂಡತಿ ನನ್ನ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಎರಡು ಸಲ ಗುದ್ದಿದಳು. ಬಿಡಿಸಲು ಬಂದ ನರ್ಸಿಗೂ ಒಂದು ಏಟು ಬಿತ್ತು. ಸುಸ್ತಾದ ಮೇಲೆ ಅಲ್ಲೇ ನೆಲದ ಮೇಲೆ ಕೂತು, ನೀನು ಯಾರ ಮಗಳು, ನಿಮ್ಮವ್ವ ಏನು ಕೆಲಸ ಮಾಡುತ್ತಿದ್ದಳು ಎಂದು ಕೇಳಿದಳು. ಅರಿಸಿನದ ಡ್ರಮ್ಮಿನ ಕೂಲಿ ಎಂದೆ.

“ಅಂಗಿದ್ರೂವೆ ಕೇಳ್ನಿಲ್ವಲ್ಲಮ್ಮಿ ನೀನು” ಎಂದಳು.

ಗೋಡೆಗೆ ಗುದ್ದಿದ್ದು ನೋಯಲಿಲ್ಲ, ಇದು ನೋಯಿತು. ಬಾಗಿಲಿನ ಸ್ವಿಚ್ಚು ಕೆಟ್ಟಿತ್ತು ಎಂದು ಹೇಳಬೇಕೆಂದುಕೊಂಡು ಹೋಗಿದ್ದವಳು ಹಾಗೇ ಊರಿನ ಬಸ್ಸು ಹತ್ತಿದೆ.

ಬಾಗಿಲಿಗೆ ಹೊಸ ಸ್ವಿಚ್ಚು ಬಂತು. ನಾನು ‘ಕೇಳು’ವನ್ನು ಮತ್ತೆ ಬರೆದೆ. ಡ್ರಮ್ಮುಗಳ ವಿಷಯಕ್ಕೆ ಈಗ ಅದು ನನ್ನನ್ನು ಕೇಳುವುದಿಲ್ಲ. ಅಂಗಳದಲ್ಲಿ ಒಂದು ಪುಟ್ಟ ಪರದೆ, ಕೀಲಿಮಣೆ ಇಟ್ಟಿದ್ದೇವೆ. ‘ಏಳಿಸು’ ಅಂದರೆ ಆ ಪರದೆಯ ಮೇಲೆ “ಕೈಯಾ?” ಎಂದು ಬರುತ್ತದೆ. ಅಲ್ಲಿ ಕೂತವರು ಎಲ್ಲ ಡ್ರಮ್ಮನ್ನೂ ನೋಡಿಬಂದು “ಆಚೆ” ಎಂದು ಟೈಪ್ ಮಾಡಬೇಕು. ನನ್ನ ಕಡೆಯಿಂದ ಅದನ್ನು ದಾಟಿಹೋಗುವ ದಾರಿ ಇಲ್ಲ, ನಾನೇ ಇಟ್ಟಿಲ್ಲ.

ಅಲ್ಲಿ ಕೂರುವವನು ಉಮ್ಮತ್ತೂರಿನ ಅದೇ ಆಳು. ನಾಲ್ಕು ತಿಂಗಳ ಮೇಲೆ ವಾಪಸು ಬಂದ, ಆ ಕೆಲಸವನ್ನು ಅವನೇ ಕೇಳಿ ತೆಗೆದುಕೊಂಡ. ಮೊನ್ನೆ ಮತ್ತೆ ಎಲ್ಲ ನಿಂತಿತ್ತು. ಫೋನಿನಲ್ಲಿ ಯಜಮಾನರು ಕೂಗುತ್ತಿದ್ದರು, ನನಗೂ ಕೋಪ ನೆತ್ತಿಗೇರಿತ್ತು. ‘ಏಳಿಸು’ ಎಂದು ಹೊಡೆದು ಕಿಟಕಿಯಿಂದ ನೋಡಿದೆ. ಅವನು ಡ್ರಮ್ಮುಗಳನ್ನೆಲ್ಲ ಸುತ್ತಿ ಬಂದು ಕೂತು, ಎಡಗೈಯಲ್ಲಿ ಒಂದೊಂದೇ ಕೀಲಿ ಹುಡುಕಿ ಹುಡುಕಿ ಒತ್ತುತ್ತಿದ್ದ.