ಕಾನಸೂರಿನವರೆಗೆ ದೂರ ನೋಡುತ್ತ

ಯಲ್ಲಾಪುರದಿಂದ ಶಿರಸಿಗೆ ಬೆಳಗಿನ ಬಸ್ಸು ಹೊರಟಾಗ ಇನ್ನೂ ಮಂಜಿತ್ತು. ನನಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ಸಿದ್ದಾಪುರದಲ್ಲಿ ಗೆಳತಿ ಸುಮಂಗಲಾ ಕಾಯುತ್ತಿದ್ದಳು. ಅವಳ ಗಂಡನಿಗೆ ಅಸ್ಸಾಮಿಗೆ ವರ್ಗವಾಗಿತ್ತು. ಅಂದು ಮಧ್ಯಾಹ್ನವೇ ಹೊರಡುವವರಿದ್ದರು. ನಾನು ಇಡಗುಂದಿಯ ಶಾಲೆಗೆ ಶಿಕ್ಷಕಿಯಾಗಿ ಬಂದು ಒಂಟಿ ಕೋಣೆ ಹಿಡಿದ ಮೇಲೆ ‘ಊಟ ಆಯ್ತಾ’ ಎಂದು ನನ್ನನ್ನು ದಿನವೂ ಕೇಳುತ್ತಿದ್ದವಳು ಅವಳೊಬ್ಬಳೇ, ಅದೂ ಮೊಬೈಲಿನ ಮೆಸೇಜಿನಲ್ಲಿ. ಹೋಗುವ ಮುಂಚೆ ಒಮ್ಮೆ ಅವಳ ಮುಖ ನೋಡಬೇಕಿತ್ತು, ಅಷ್ಟೇ.

‘ಬಸ್ಸು ಹತ್ತಿದೆಯಾ?’ ಎಂದು ಮೆಸೇಜು ಬಂತು. ಉತ್ತರಿಸಲು ಕೂತೆ. ಆಗಿನ ಫೋನಿನಲ್ಲಿ ಒಂದು ಅಕ್ಷರ ಬೇಕೆಂದರೂ ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಕು. ಹೊರಗೆ ನೋಡಿದರೆ ತಿರುವಿನ ಮೇಲೆ ತಿರುವು. ಭೈರುಂಬೆಯ ಹತ್ತಿರ ಬರುವಷ್ಟರಲ್ಲಿ ತಲೆ ಗಿರ್ರೆಂದು ತಿರುಗಿ ಕಿಟಕಿಯಾಚೆ ವಾಂತಿ ಮಾಡಿಕೊಂಡೆ. ದರಿದ್ರ ಹೊಟ್ಟೆ!

“ಅಕ್ಕೋರೇ, ಚಕ್ರದ ಮೇಲೆ ಕೂತು ಮೊಬೈಲ್ ಒತ್ತಿದ್ರೆ ಇನ್ನೇನಾಗ್ತದೆ?” ಎಂದ ಕಂಡಕ್ಟರ್.

ಶಿರಸಿಯಲ್ಲಿ ಇಡ್ಲಿಯ ವಾಸನೆಯೂ ಬೇಡವೆನಿಸಿ ಬರೀ ಸೋಡಾ ಕುಡಿದೆ. ಸಿದ್ದಾಪುರದ ಬಸ್ಸಿನಲ್ಲಿ ಮುಂದಿನ ಸೀಟನ್ನೇ ಹಿಡಿದೆ. ಪಕ್ಕದಲ್ಲಿ ಕೂತ ಹೆಂಗಸು ನನ್ನ ಮುಖ ನೋಡಿ, ಚೀಲದಿಂದ ಒಂದು ಒಣ ಮುರುಗಲ ಹುಳಿಯ ಸಿಪ್ಪೆ ತೆಗೆದು ಕೈಗಿಟ್ಟಳು.

“ಇದ್ರ ಬಾಯಲ್ಲಿ ಇಟ್ಗ ತಂಗಿ. ಮೊಬೈಲ್ ಒಳಗೆ ಹಾಕು. ಕಣ್ಣು ಅದ್ರಲ್ಲಿ, ಮೈ ತಿರುವಲ್ಲಿ. ಹೊಟ್ಟೆ ಎಂತ ಮಾಡ್ತು ಪಾಪ! ದೂರ ನೋಡು, ಎಂತೂ ಆಗ್ತಿಲ್ಲೆ.”

ಫೋನನ್ನು ಚೀಲದ ತಳಕ್ಕೆ ಹಾಕಿದೆ. ಹುಳಿ ಚೀಪುತ್ತ, ರಸ್ತೆಯ ತುದಿಯನ್ನೇ ನೋಡುತ್ತ ಕೂತೆ. ನಿಜಕ್ಕೂ ಏನೂ ಆಗಲಿಲ್ಲ. ಸುಮಿಯ ಎದುರು ಅಳಬಾರದು, ಒಳ್ಳೆಯ ಸೀರೆ ಉಟ್ಟಿದ್ದೀಯೆ ಎಂದು ರೇಗಿಸಬೇಕು ಎಂದೆಲ್ಲ ಲೆಕ್ಕ ಹಾಕಿಕೊಂಡೆ.

ಕಾನಸೂರು ಹತ್ತಿರವಾದಾಗ ಎದುರಿನಿಂದ ಒಂದು ಬಸ್ಸು ಬಂತು. ರಸ್ತೆ ಕಿರಿದು, ಎರಡೂ ಬಸ್ಸುಗಳು ಮೈಗೆ ಮೈ ತಾಗುವಂತೆ ನಿಧಾನಕ್ಕೆ ಸರಿದವು. ಆ ಬಸ್ಸಿನ ಕಿಟಕಿಯಲ್ಲಿ ಸುಮಂಗಲಾ ಇದ್ದಳು! ಕೈ ಚಾಚಿದರೆ ಸಿಗುವಷ್ಟು ಹತ್ತಿರ. “ಸುಮೀ!” ಎಂದು ಕೂಗಿದೆ. ಗಾಜು ಮುಚ್ಚಿತ್ತು. ಅವಳು ತಲೆ ಬಗ್ಗಿಸಿ ಮೊಬೈಲು ಒತ್ತುತ್ತಿದ್ದಳು. ತಲೆ ಎತ್ತಲೇ ಇಲ್ಲ.

“ನಿಲ್ಸಿ, ನಿಲ್ಸಿ!” ಎಂದು ಎದ್ದೆ. ವಾಂತಿ ಇರಬೇಕೆಂದು ಡ್ರೈವರ್ ಗಡಿಬಿಡಿಯಲ್ಲಿ ಬ್ರೇಕ್ ಹಾಕಿದ. ಇಳಿದು ನೋಡಿದರೆ ಆ ಬಸ್ಸು ತಿರುವು ದಾಟಿತ್ತು. ಆಗ ಚೀಲದೊಳಗೆ ಫೋನು ಸದ್ದು ಮಾಡಿತು.

‘ಹುಬ್ಬಳ್ಳಿಯಲ್ಲಿ ಬೇಗ ರೈಲು ಹಿಡಿಯಬೇಕಂತೆ, ಈಗಲೇ ಹೊರಟೆವು. ಶಿರಸಿಯಲ್ಲೂ ಇಳಿಯುವ ಹಾಗಿಲ್ಲ. ನೀನು ಎದುರು ಸಿಕ್ಕರೆ ಕಾಣಲಿ ಅಂತ ಕಿಟಕಿ ಹತ್ತಿರವೇ ಕೂತಿದ್ದೇನೆ.’

ನಮ್ಮ ಬಸ್ಸಿಗೆ ಹೋಗಲು ಹೇಳಿ ರಸ್ತೆಯ ಬದಿಯಲ್ಲಿ ನಿಂತು ಅತ್ತೆ. ನಿನ್ನನ್ನು ನೋಡಿದೆ ಎಂದು ಬರೆಯಲು ಮನಸ್ಸಾಗಲಿಲ್ಲ. ‘ಮುಂದೆ ತಿರುವು ಜಾಸ್ತಿ. ಫೋನ್ ಒಳಗಿಟ್ಟು ಹೊರಗೆ ನೋಡ್ತಾ ಹೋಗು ಸುಮಿ’ ಎಂದು ಒಂದೊಂದೇ ಅಕ್ಷರ ಒತ್ತಿ ಕಳಿಸಿದೆ.